ಲ್ಯಾಪ್‌ಟಾಪ್ ಪರದೆ, ಹೊರಗಿನ ಮಾನಿಟರ್, ಎರಡು ಬಣ್ಣ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಮದುವೆ ಆಲ್ಬಮ್ ವಿನ್ಯಾಸ ನನ್ನ ಕೆಲಸ. ಬಿಡುವಿನಲ್ಲಿ ಸೀರೆ ಅಂಗಡಿಗಳ ಫೋಟೋಗಳನ್ನೂ ತಿದ್ದಿಕೊಡುತ್ತೇನೆ. ಹರಿಹರ, ಚನ್ನಗಿರಿ, ಹಿರಿಯೂರು, ಚಿತ್ರದುರ್ಗದ ಸ್ಟುಡಿಯೊ ಗೆಳೆಯರು ಫೋನ್ ಮಾಡಿದಾಗಲೆಲ್ಲ ಮಾತು ಕೊನೆಗೆ ಬಣ್ಣಕ್ಕೇ ಬಂದು ನಿಲ್ಲುತ್ತದೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರು ಕೇಳಿದ ಮಾತಲ್ಲೇ ಇಲ್ಲಿಟ್ಟಿದ್ದೇನೆ. ಸುಲಭದವು ಮೊದಲು, ಕಠಿಣವಾದವು ಆಮೇಲೆ.

## ಶುರುವಿನವರಿಗೆ

ಅಣ್ಣಾ, ಫೋಟೋ ಒಂದೇ. ಲ್ಯಾಪ್‌ಟಾಪಲ್ಲಿ ಒಂದು ಬಣ್ಣ, ಪಕ್ಕದ ಮಾನಿಟರಲ್ಲಿ ಇನ್ನೊಂದು. ಯಾವುದನ್ನ ನಂಬಲಿ?

ತಿದ್ದುವ ತನಕ ಎರಡನ್ನೂ ನಂಬಬೇಡಿ. ಫೈಲಿನೊಳಗೆ ಇರುವುದು ಬಣ್ಣವಲ್ಲ, ಅಂಕಿ. ಕುಂಕುಮದ ಒಂದು ಚುಕ್ಕೆಗೆ ಕೆಂಪು 180, ಹಸಿರು 20, ನೀಲಿ 40 ಅಂತ ಬರೆದಿರುತ್ತದೆ. ಆ 180 ಅನ್ನು ಎಷ್ಟು ಕೆಂಪಾಗಿ ತೋರಿಸುವುದು ಅನ್ನುವುದು ಆಯಾ ಪರದೆಯ ಹಿಂಬೆಳಕು, ಬಣ್ಣದ ಫಿಲ್ಟರು, ವಯಸ್ಸು, ಕಾರ್ಖಾನೆಯ ಸೆಟ್ಟಿಂಗು ಇವುಗಳ ಮೇಲೆ ನಿಂತಿದೆ.

ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳ ವಿವರ ಪಟ್ಟಿಯಲ್ಲಿ "45% ಎನ್‌ಟಿಎಸ್‌ಸಿ" (ಹಳೆಯ ಟಿವಿ ಮಾನದಂಡದ ಬಣ್ಣಗಳ ಲೆಕ್ಕ) ಅಂತ ಬರೆದಿದ್ದರೆ ಆ ಪರದೆ ಎಸ್‌ಆರ್‌ಜಿಬಿ (ಪರದೆ, ವೆಬ್‌ಗಳಿಗೆ ಗೊತ್ತುಮಾಡಿದ ಬಣ್ಣಗಳ ಗುಂಪು) ಬಣ್ಣಗಳಲ್ಲಿ ಸುಮಾರು 60ರಿಂದ 65 ಶೇಕಡ ಮಾತ್ರ ತೋರಿಸಬಲ್ಲದು. ಅದರಲ್ಲಿ ಕುಂಕುಮದ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಇಲ್ಲದ ಬಣ್ಣವನ್ನು ಯಾವ ಸೆಟ್ಟಿಂಗೂ ತಂದುಕೊಡುವುದಿಲ್ಲ. "72% ಎನ್‌ಟಿಎಸ್‌ಸಿ" ಅಥವಾ "100% ಎಸ್‌ಆರ್‌ಜಿಬಿ" ಅಂತ ಇದ್ದರೆ ತಿದ್ದಲು ಬೇಕಾದ ಸರಕು ಅದರಲ್ಲಿದೆ. ಹೊಸ ಲ್ಯಾಪ್‌ಟಾಪ್ ಕೊಳ್ಳುವಾಗ ಪ್ರೊಸೆಸರಿಗಿಂತ ಮೊದಲು ನಾನು ಹುಡುಕುವುದು ಈ ಒಂದು ಸಾಲನ್ನು.

ಕ್ಯಾಲಿಬ್ರೇಶನ್ನು, ಪ್ರೊಫೈಲು ಎರಡೂ ಒಂದೇ ಅಲ್ವಾ?

ಮಂಡಿಪೇಟೆಯ ತಕ್ಕಡಿಯನ್ನು ನೆನಪಿಸಿಕೊಳ್ಳಿ. ಏನೂ ಇಡದಿದ್ದಾಗ ಮುಳ್ಳು ಸೊನ್ನೆಯಲ್ಲಿ ನಿಲ್ಲುವ ಹಾಗೆ ತಿರುಪು ತಿರುಗಿಸುವುದು ಕ್ಯಾಲಿಬ್ರೇಶನ್. ಅಷ್ಟಾದ ಮೇಲೂ ಹತ್ತು ಕಿಲೋ ಇಟ್ಟಾಗ ಐವತ್ತು ಗ್ರಾಂ ಜಾಸ್ತಿ ತೋರಿಸುತ್ತದೆ ಅಂತ ಚೀಟಿಯಲ್ಲಿ ಬರೆದು ಅಂಟಿಸಿದರೆ ಅದು ಪ್ರೊಫೈಲ್. ಚೀಟಿ ತಕ್ಕಡಿಯನ್ನು ಬದಲಿಸುವುದಿಲ್ಲ. ಓದಲು ಬರುವವನು ಅದನ್ನು ನೋಡಿ ಲೆಕ್ಕ ಸರಿಮಾಡಿಕೊಳ್ಳುತ್ತಾನೆ.

ಪರದೆಯದೂ ಇದೇ ಕಥೆ. ಬೆಳಕು, ಬಿಳಿ, ಗಾಮಾ (ಕಪ್ಪು ಬಿಳಿಗಳ ನಡುವಿನ ಬೂದುಗಳು ಎಷ್ಟು ಬೆಳಗಬೇಕು ಅನ್ನುವ ಲೆಕ್ಕ) ಇವನ್ನು ಗೊತ್ತುಮಾಡಿದ ಮಟ್ಟಕ್ಕೆ ತರುವುದು ಮೊದಲ ಕೆಲಸ. ಆಮೇಲೂ ಉಳಿಯುವ ಪರದೆಯ ಸ್ವಭಾವವನ್ನು ಒಂದು ಐಸಿಸಿ ಫೈಲಿನಲ್ಲಿ ಬರೆದಿಡುವುದು ಎರಡನೆಯದು. ಐಸಿಸಿ ಅಂದರೆ 1993ರಲ್ಲಿ ಹಲವು ಕಂಪನಿಗಳು ಸೇರಿ ಕಟ್ಟಿಕೊಂಡ ಬಣ್ಣದ ಒಕ್ಕೂಟ. ಅವರು ಗೊತ್ತುಮಾಡಿದ ಮಾದರಿಯಲ್ಲಿ ಬರೆದ ಚೀಟಿಯಾದ್ದರಿಂದ ಫೋಟೋಶಾಪ್‌ನಂಥ ತಂತ್ರಾಂಶಗಳೆಲ್ಲ ಅದನ್ನು ಓದುತ್ತವೆ.

ಹೊಸ ಮಾನಿಟರ್ ತಂದೀನಿ, ಬಿಳಿ ಎಷ್ಟು ಚಂದ ಹೊಳೀತೈತಿ! ಇದನ್ನೂ ತಿದ್ದಬೇಕಾ?

ಆ ಹೊಳಪನ್ನೇ ಮೊದಲು ತಿದ್ದಬೇಕು. ಪಂಚೆ ಒಗೆದ ಮೇಲೆ ನೀಲಿ ಅದ್ದುತ್ತೇವಲ್ಲ, ಯಾಕೆ? ತುಸು ನೀಲಿ ಬೆರೆತ ಬಿಳಿ ನಮ್ಮ ಕಣ್ಣಿಗೆ ಇನ್ನಷ್ಟು ಬಿಳಿಯಾಗಿ ಕಾಣುತ್ತದೆ. ಬಹಳಷ್ಟು ಪರದೆಗಳು ಅಂಗಡಿಯಿಂದ ಬರುವುದೂ ಹೀಗೆ ನೀಲಿ ಅದ್ದಿಕೊಂಡೇ. ಹಿಂದಿನ ಗಾಜಿನ ಟ್ಯೂಬಿನ ಟಿವಿ, ಮಾನಿಟರ್‌ಗಳಲ್ಲಿ 9300 ಕೆಲ್ವಿನ್ ಬಿಳಿ ಮಾಮೂಲಾಗಿತ್ತು. ಕೆಲ್ವಿನ್ ಅಂಕಿ ಏರಿದಷ್ಟೂ ಬಿಳಿ ನೀಲಿಗೆ ವಾಲುತ್ತದೆ. ಫೋಟೋ ಕೆಲಸಕ್ಕೆ ನಾವು ಹಿಡಿಯಬೇಕಾದ ಬಿಳಿ ಡಿ65, ಅಂದರೆ ಸುಮಾರು 6500 ಕೆಲ್ವಿನ್. 1999ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾದ ಎಸ್‌ಆರ್‌ಜಿಬಿಯ ಬಿಳಿಯೂ ಇದೇ.

ನನ್ನ ಹತ್ತಿರ ಪರೀಕ್ಷೆಗೆಂದೇ ಇಟ್ಟುಕೊಂಡ ಒಂದು ಫೋಟೋ ಇದೆ: ಬೆಳಗಿನ ನೆರಳಲ್ಲಿ ಮೊರದ ತುಂಬ ಮಂಡಕ್ಕಿ. ಮಂಡಕ್ಕಿ ಅಪ್ಪಟ ಬಿಳಿಯಲ್ಲ. ಕೆನೆಯ ಛಾಯೆ ಇರುತ್ತದೆ, ಒಂದೊಂದು ಕಾಳಿನ ತುದಿಯಲ್ಲಿ ಕಂದು ಗೆರೆ ಇರುತ್ತದೆ. ತಿದ್ದದ ಲ್ಯಾಪ್‌ಟಾಪಲ್ಲಿ ಅದೇ ಮಂಡಕ್ಕಿ ಥರ್ಮಾಕೋಲ್ ಗುಂಡಿನ ಹಾಗೆ ನೀಲಿಗಟ್ಟಿ ಕಾಣುತ್ತದೆ. ದಿನಾ ನೋಡುವ, ಬಾಯಿಗೆ ಹಾಕಿಕೊಳ್ಳುವ ವಸ್ತುವಿನ ಬಣ್ಣದಲ್ಲಿ ಮೋಸಹೋಗುವುದು ಕಷ್ಟ. ನೀವೂ ಇಂಥದೊಂದು ಫೋಟೋ ಇಟ್ಟುಕೊಳ್ಳಿ.

ಮಾನಿಟರಿನ ಮೆನುವಿನಲ್ಲಿ "ವಾರ್ಮ್", "6500ಕೆ" ಅಥವಾ "ಎಸ್‌ಆರ್‌ಜಿಬಿ" ಆಯ್ಕೆ ಇದ್ದರೆ ಹಾಕಿ, ಒಂದು ಗಂಟೆ ಕೆಲಸ ಮಾಡಿ. ಮೊದಲ ಐದು ನಿಮಿಷ ಎಲ್ಲ ಹಳದಿ ಹಳದಿ ಅನ್ನಿಸುತ್ತದೆ. ಆಮೇಲೆ ಕಣ್ಣು ಒಗ್ಗಿಕೊಳ್ಳುತ್ತದೆ. ಹೀಗೆ ಯಾವುದಕ್ಕೂ ಒಗ್ಗಿಕೊಂಡುಬಿಡುವ ಕಣ್ಣನ್ನೇ ಅಳತೆಗೋಲಾಗಿ ನಂಬಬಾರದು ಅನ್ನುವುದು ಅದಕ್ಕೇ.

ಕೈ ಹಾಕೋ ಮುಂಚೆ ಏನೇನು ಆಫ್ ಮಾಡ್ಬೇಕು?

ವಿಂಡೋಸ್‌ನ ನೈಟ್ ಲೈಟ್, ಮ್ಯಾಕ್‌ನ ನೈಟ್ ಶಿಫ್ಟ್ ಮತ್ತು ಟ್ರೂ ಟೋನ್, ತಾನಾಗೇ ಏರಿಳಿಯುವ ಬ್ರೈಟ್‌ನೆಸ್, ಎಚ್‌ಡಿಆರ್. ಮಾನಿಟರಿನಲ್ಲಿ ಡೈನಮಿಕ್ ಕಾಂಟ್ರಾಸ್ಟ್, ಇಕೋ ಮೋಡ್, ಶಾರ್ಪ್‌ನೆಸ್ ಹೆಚ್ಚಿಸುವ ಆಯ್ಕೆಗಳು. ಲ್ಯಾಪ್‌ಟಾಪನ್ನು ಚಾರ್ಜರಿಗೆ ಹಾಕಿಯೇ ಇಡಿ. ಬ್ಯಾಟರಿಯಲ್ಲಿರುವಾಗ ಇಂಟೆಲ್, ಎಎಂಡಿ ಗ್ರಾಫಿಕ್ಸ್‌ನ ವಿದ್ಯುತ್ ಉಳಿತಾಯದ ಸೌಲಭ್ಯ ಚಿತ್ರಕ್ಕೆ ತಕ್ಕ ಹಾಗೆ ಬೆಳಕು ಬದಲಿಸುತ್ತಿರುತ್ತದೆ. ಡ್ರೈವರ್ ಸೆಟ್ಟಿಂಗಿಗೆ ಹೋಗಿ ಅದನ್ನೂ ನಿಲ್ಲಿಸಿ. ಪರದೆ ಹೊತ್ತಿ ಅರ್ಧ ಗಂಟೆ ಕಾಯ್ದ ಮೇಲೇ ಕೈ ಹಾಕಿ.

ಉಪಕರಣ ಕೊಳ್ಳೋಕೆ ಈಗ ಆಗಲ್ಲ ಸರ್. ಬರೀ ಕಣ್ಣಲ್ಲೇ ಎಷ್ಟು ಸರಿ ಮಾಡಬಹುದು?

ಬೆಳಕು ಮತ್ತು ಗಾಮಾ ಮುಕ್ಕಾಲು ಪಾಲು ಸರಿಯಾಗುತ್ತದೆ. ಬಿಳಿ ಅರ್ಧಂಬರ್ಧ. ಬಣ್ಣಗಳ ನಿಖರತೆ ಮಾತ್ರ ಆಗುವುದಿಲ್ಲ.

ಒಂದು ಬಿಳಿ ಎ4 ಹಾಳೆಯನ್ನು ಪರದೆಯ ಪಕ್ಕ, ಕೋಣೆಯ ಬೆಳಕು ಬೀಳುವ ಹಾಗೆ ಹಿಡಿಯಿರಿ. ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆಯಿರಿ. ಹಾಳೆಗಿಂತ ಪರದೆ ದೀಪದ ಹಾಗೆ ಉರಿಯುತ್ತಿದ್ದರೆ ಬ್ರೈಟ್‌ನೆಸ್ ಇಳಿಸುತ್ತ ಬನ್ನಿ, ಎರಡೂ ಒಂದೇ ಮೇಜಿನ ಮೇಲಿನ ಎರಡು ಕಾಗದಗಳಂತೆ ಕಂಡಾಗ ನಿಲ್ಲಿಸಿ. ಎರಡೂ ಪರದೆಗೆ ಒಂದೇ ಹಾಳೆ, ಒಂದೇ ಜಾಗ. ಲ್ಯಾಪ್‌ಟಾಪಿನ ಸ್ಲೈಡರ್ ಎಷ್ಟು ಶೇಕಡದಲ್ಲಿ ನಿಂತಿತು ಅಂತ ಚೀಟಿ ಬರೆದು ಪರದೆಯ ಅಂಚಿಗೆ ಅಂಟಿಸಿ. ನನ್ನ ಲ್ಯಾಪ್‌ಟಾಪಿಗೆ ಅಂಥ ಚೀಟಿ ಈಗಲೂ ಇದೆ.

ಆಮೇಲೆ ವಿಂಡೋಸ್‌ನ ಹುಡುಕುವ ಪೆಟ್ಟಿಗೆಯಲ್ಲಿ "ಕ್ಯಾಲಿಬ್ರೇಟ್ ಡಿಸ್‌ಪ್ಲೇ ಕಲರ್" ಅಂತ ಇಂಗ್ಲಿಷಿನಲ್ಲಿ ಬರೆದರೆ ಒಂದು ಕಿಟಕಿ ತೆರೆಯುತ್ತದೆ. ಅದನ್ನು ತಿದ್ದಬೇಕಾದ ಪರದೆಗೆ ಎಳೆದು ತಂದು ಶುರುಮಾಡಿ. ಗಾಮಾದ ಹಂತದಲ್ಲಿ ವೃತ್ತಗಳ ನಡುವಿನ ಚುಕ್ಕೆ ಕರಗಿಹೋಗುವ ಹಾಗೆ ಸ್ಲೈಡರ್ ನಿಲ್ಲಿಸಬೇಕು. ಅಗ್ಗದ ಟಿಎನ್ ಬಗೆಯ ಪರದೆಯಾದರೆ ತಲೆ ಒಂದಿಂಚು ಮೇಲೆ ಕೆಳಗೆ ಆದರೂ ಉತ್ತರ ಬದಲಾಗುತ್ತದೆ, ಆದ್ದರಿಂದ ಪರದೆಯ ಓರೆ ಮತ್ತು ಕುರ್ಚಿಯ ಎತ್ತರ ಮೊದಲೇ ಗಟ್ಟಿಮಾಡಿಕೊಳ್ಳಿ. ಐಪಿಎಸ್ ಬಗೆಯ ಪರದೆಯಲ್ಲಿ ಈ ಕಾಟ ಕಡಿಮೆ.

ಕೊನೆಗೆ ಕಪ್ಪಿನಿಂದ ಬಿಳಿವರೆಗೆ ಇಪ್ಪತ್ತು ಮೆಟ್ಟಿಲಿರುವ ಬೂದು ಪಟ್ಟಿ ತೆರೆಯಿರಿ. ಕಡುಗಪ್ಪಿನ ಪಕ್ಕದ ಮೆಟ್ಟಿಲು ಬೇರೆಯಾಗಿ ಕಾಣಬೇಕು. ನಡುವಿನ ಬೂದು ಎಲ್ಲೂ ಗುಲಾಬಿಗೋ ಹಸಿರಿಗೋ ವಾಲಬಾರದು. ವಾಲಿದರೆ ಮಾನಿಟರಿನ ಮೆನುವಿನಲ್ಲಿ ಕೆಂಪು, ಹಸಿರು, ನೀಲಿ ಮೂರರಲ್ಲಿ ಜಾಸ್ತಿಯಾದದ್ದನ್ನು ಇಳಿಸಿ. ಏರಿಸಲು ಹೋಗಬೇಡಿ.

ಆಲ್ಬಮ್ ಪ್ರಿಂಟ್ ಆಗಿ ಬಂದ್ರೆ ಎಲ್ಲ ಕತ್ತಲು ಕತ್ತಲು. ಲ್ಯಾಬ್‌ನೋರ ತಪ್ಪಲ್ವಾ?

ನಾನೂ ಹಾಗೇ ಜಗಳಕ್ಕೆ ಹೋಗಿದ್ದೆ. ಒಂದು ಮದುವೆಯ ಆಲ್ಬಮ್, ನಲವತ್ತು ಹಾಳೆ. ಧಾರೆಯ ಫೋಟೋದಲ್ಲಿ ಹುಡುಗಿಯ ತಾಯಿ ಮಂಟಪದ ಕಂಬದ ನೆರಳಲ್ಲಿ ನಿಂತಿದ್ದರು. ನನ್ನ ಪರದೆಯಲ್ಲಿ ಅವರ ಕಣ್ಣಂಚಿನ ನೀರು ಕಾಣುತ್ತಿತ್ತು, ಕಾಗದದಲ್ಲಿ ಮುಖವೇ ಕಾಣಲಿಲ್ಲ. ಲ್ಯಾಬಿನವರು ಸಮಾಧಾನದಿಂದ ಅದೇ ಫೈಲನ್ನು ತಮ್ಮ ಪರದೆಯಲ್ಲಿ ತೆರೆದು ತೋರಿಸಿದರು. ಅಲ್ಲೂ ಕತ್ತಲೇ. ತಪ್ಪು ನನ್ನ ಮಾನಿಟರಿನದು, ಬ್ರೈಟ್‌ನೆಸ್ ನೂರಕ್ಕೆ ನೂರು ಇತ್ತು. ಇಡೀ ಆಲ್ಬಮನ್ನು ನನ್ನ ಖರ್ಚಿನಲ್ಲಿ ಮತ್ತೆ ಮಾಡಿಸಿದೆ. ಆ ತಾಯಿಗೆ ಮೊದಲ ಪ್ರತಿ ತಲುಪಿಬಿಟ್ಟಿತ್ತು ಅನ್ನುವ ನೋವು ಮಾತ್ರ ಹೋಗಿಲ್ಲ.

ಪರದೆ ತಾನೇ ಬೆಳಗುತ್ತದೆ, ಕಾಗದ ಬಿದ್ದ ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ. ಮುದ್ರಣಕ್ಕೆ ಹೋಗುವ ಕೆಲಸಕ್ಕೆ ಪರದೆಯ ಬೆಳಕು ಪ್ರತಿ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ (ಬೆಳಕಿನ ಅಳತೆ) ಇದ್ದರೆ ಸಾಕು. ಎಷ್ಟೋ ಮಾನಿಟರ್‌ಗಳು ಪೂರ್ತಿ ಏರಿಸಿದಾಗ 250 ದಾಟುತ್ತವೆ. ಅಷ್ಟು ಬೆಳಕಲ್ಲಿ ಕೂತವನ ಕೈ ಫೋಟೋವನ್ನು ತಾನಾಗೇ ಕತ್ತಲು ಮಾಡುತ್ತದೆ.

ನಮ್ಮ ಕೋಣೆ ಗೋಡೆ ಗಿಳಿಹಸಿರು. ಅದಕ್ಕೂ ಇದಕ್ಕೂ ಏನು ಸಂಬಂಧ?

ಬಹಳ ಇದೆ. ಹಸಿರು ಗೋಡೆಯ ಮುಂದೆ ಕೂತರೆ ಕಣ್ಣು ಹಸಿರನ್ನು ಕಳೆದು ನೋಡಲು ಶುರುಮಾಡುತ್ತದೆ, ಮುಖಗಳು ಕೆಂಪಾಗಿ ಕಾಣುತ್ತವೆ, ನೀವು ಕೆಂಪು ತೆಗೆಯುತ್ತೀರಿ. ಇಡೀ ಕೋಣೆ ಬಳಿಸಬೇಕಿಲ್ಲ. ಪರದೆಯ ಹಿಂದಿನ ಗೋಡೆಗೆ ಬೂದು ಬಟ್ಟೆ ತೂಗುಹಾಕಿ. ಕಿಟಕಿ ಬೆನ್ನ ಹಿಂದೆ ಬೇಡ. ಏಪ್ರಿಲ್ ಬಿಸಿಲು ನಮ್ಮೂರಲ್ಲಿ ಹೇಗಿರುತ್ತದೆ ಅಂತ ನಿಮಗೇ ಗೊತ್ತು, ಪರದೆಯ ಕಪ್ಪನ್ನೆಲ್ಲ ತೊಳೆದುಹಾಕುತ್ತದೆ. ಡೆಸ್ಕ್‌ಟಾಪಿನ ಹಿನ್ನೆಲೆಯೂ ಬೂದು ಇರಲಿ.

## ಉಪಕರಣ ಕೈಗೆ ಬಂದ ಮೇಲೆ

ಯಾವ ಉಪಕರಣ ತಗೊಳ್ಳಲಿ, ಅದು ಮಾಡೋದಾದ್ರೂ ಏನು?

ಕಲರಿಮೀಟರ್ ಅಂತ ಕರೆಯುತ್ತಾರೆ, ಅಂಗೈಯಗಲದ ಪೆಟ್ಟಿಗೆ. ಡೇಟಾಕಲರ್ ಕಂಪನಿಯ ಸ್ಪೈಡರ್, ಕ್ಯಾಲಿಬ್ರೈಟ್ ಕಂಪನಿಯವು ನಮ್ಮ ಕಡೆ ಹೆಚ್ಚು ಬಳಕೆಯಲ್ಲಿವೆ. ಯುಎಸ್‌ಬಿಗೆ ಚುಚ್ಚಿ, ಪರದೆಯನ್ನು ಸ್ವಲ್ಪ ಹಿಂದಕ್ಕೆ ಓರೆ ಮಾಡಿ, ಉಪಕರಣ ಗಾಜಿಗೆ ಮಟ್ಟಸವಾಗಿ ಕೂರುವಂತೆ ತೂಗುಬಿಡಬೇಕು. ತಂತ್ರಾಂಶ ಒಂದೊಂದೇ ಬಣ್ಣದ ಚೌಕ ತೋರಿಸುತ್ತ ಹೋಗುತ್ತದೆ, ಉಪಕರಣ ಅಳೆಯುತ್ತದೆ, ಕೊನೆಗೆ ಪ್ರೊಫೈಲ್ ಬರೆದು ಕೊಡುತ್ತದೆ. ಗುರಿ ಹೀಗಿಡಿ: ಬಿಳಿ ಡಿ65, ಗಾಮಾ 2.2, ಬೆಳಕು 100 ಅಥವಾ 120 ಕ್ಯಾಂಡೆಲಾ.

ಅಳೆಯುವ ಮೊದಲು ಪರದೆಯ ಜಾತಿ ಕೇಳುತ್ತದೆ: ಬಿಳಿ ಎಲ್‌ಇಡಿಯೋ, ವಿಶಾಲ ಬಣ್ಣದ (ಎಸ್‌ಆರ್‌ಜಿಬಿಗಿಂತ ಹೆಚ್ಚು ಬಣ್ಣ ತೋರಿಸುವ) ಎಲ್‌ಇಡಿಯೋ, ಓಎಲ್‌ಇಡಿಯೋ ಅಂತ. ಅವಸರದಲ್ಲಿ ಎಷ್ಟೋ ಜನ ಇದನ್ನು ನೋಡದೆ ಮುಂದೆ ಹೋಗುತ್ತಾರೆ. ಕಲರಿಮೀಟರಿನ ಫಿಲ್ಟರುಗಳು ಕಣ್ಣಿನ ಪಡಿಯಚ್ಚಲ್ಲ, ಬೆಳಕಿನ ಜಾತಿಗೆ ತಕ್ಕ ತಿದ್ದುಪಡಿ ಅವಕ್ಕೆ ಬೇಕು. ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪು.

ಎರಡು ಮೂರು ಸ್ಟುಡಿಯೊದವರು ಸೇರಿ ಒಂದನ್ನು ಕೊಳ್ಳುವುದಾದರೆ ಮೊದಲು ಲೈಸೆನ್ಸ್ ಷರತ್ತು ಓದಿಕೊಳ್ಳಿ. ಗ್ರೇಮ್ ಗಿಲ್ ಬರೆದ ಆರ್ಗಿಲ್ ಸಿಎಂಎಸ್ ತಂತ್ರಾಂಶ, ಅದರ ಮೇಲೆ ಕಟ್ಟಿದ ಡಿಸ್‌ಪ್ಲೇಕ್ಯಾಲ್ ಎರಡೂ ಉಚಿತ, ಹಲವು ಉಪಕರಣಗಳೊಂದಿಗೆ ಕೆಲಸ ಮಾಡುತ್ತವೆ. ತೀರಾ ಹಳೆಯ ಕಲರಿಮೀಟರ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಅದರೊಳಗಿನ ಫಿಲ್ಟರೇ ಬಣ್ಣಗೆಟ್ಟಿರಬಹುದು.

ಎರಡಕ್ಕೂ ಉಪಕರಣ ಇಟ್ಟು ಮಾಡಿದೆ. ಆದ್ರೂ ಪಕ್ಕಪಕ್ಕ ಇಟ್ರೆ ಬಿಳಿ ಬೇರೆ ಬೇರೆ. ಉಪಕರಣನೇ ಕೆಟ್ಟೈತಾ?

ಉಪಕರಣ ಕೆಟ್ಟಿರಲಿಕ್ಕಿಲ್ಲ. ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಒಂದು ವರ್ಷ ನನ್ನ ನಿದ್ದೆ ಕೆಡಿಸಿದ್ದೂ ಇದೇ.

ಬಣ್ಣವನ್ನು ಅಂಕಿಯಾಗಿ ಬರೆಯುವ ಪದ್ಧತಿ 1931ರಲ್ಲಿ ರೂಪುಗೊಂಡಿತು. ಅದಕ್ಕೆ ಆಧಾರ ಇಂಗ್ಲೆಂಡಿನಲ್ಲಿ ರೈಟ್ ಮತ್ತು ಗಿಲ್ಡ್ ನಡೆಸಿದ ಪ್ರಯೋಗಗಳು. ರೈಟ್ ಹತ್ತು ಜನರನ್ನು, ಗಿಲ್ಡ್ ಏಳು ಜನರನ್ನು ಕೂರಿಸಿ ಬಣ್ಣ ಹೊಂದಿಸುವ ಪರೀಕ್ಷೆ ಮಾಡಿದ್ದರು. ಆ 17 ಜನರ ಕಣ್ಣಿನ ಸರಾಸರಿಯೇ ಇವತ್ತಿಗೂ ನಮ್ಮ ಉಪಕರಣಗಳು ಇಟ್ಟುಕೊಂಡಿರುವ ಕಣ್ಣು. ನಿಮ್ಮದು ಅದಕ್ಕಿಂತ ಚೂರು ಬೇರೆ, ನನ್ನದು ಇನ್ನೂ ಬೇರೆ. ಲ್ಯಾಪ್‌ಟಾಪಿನ ಹಿಂಬೆಳಕು ಒಂದು ಬಗೆಯ ಎಲ್‌ಇಡಿ, ವಿಶಾಲ ಬಣ್ಣದ ಮಾನಿಟರಿನದು ಇನ್ನೊಂದು ಬಗೆ. ಬೆಳಕಿನೊಳಗಿನ ಬಣ್ಣಗಳ ಹಂಚಿಕೆ ಬೇರೆಯಾದಾಗ, ಸರಾಸರಿ ಕಣ್ಣಿಗೆ ಒಂದೇ ಅನ್ನಿಸುವ ಎರಡು ಬಿಳಿಗಳು ನಿಮ್ಮ ಕಣ್ಣಿಗೆ ಬೇರೆಯಾಗಿ ಕಾಣಬಹುದು.

ಎರಡು ಪರದೆಗಳನ್ನು ಅವಳಿಜವಳಿ ಮಾಡುವ ಹಟ ಬಿಡಿ ಅಂತ ನಾನು ಹೇಳುವುದು ಅದಕ್ಕೇ. ಒಳ್ಳೆಯದನ್ನು, ಸಾಮಾನ್ಯವಾಗಿ ಹೊರಗಿನ ಮಾನಿಟರನ್ನು, ಯಜಮಾನ ಮಾಡಿ. ಬಣ್ಣದ ತೀರ್ಮಾನವೆಲ್ಲ ಅದರ ಮೇಲೆ. ಲ್ಯಾಪ್‌ಟಾಪಿನ ಮೇಲೆ ಫೋಲ್ಡರು, ಪಟ್ಟಿಗಳು, ವಾಟ್ಸ್ಯಾಪ್.

ಎರಡರಲ್ಲೂ ಕೆಲಸ ಮಾಡಲೇಬೇಕು ಅನ್ನುವವರಿಗೆ ಒಂದು ದಾರಿ ಇದೆ. ಲ್ಯಾಪ್‌ಟಾಪನ್ನು ಮೊದಲು ಮುಗಿಸಿ. ಎರಡರಲ್ಲೂ ಬಿಳಿ ಪುಟ ತೆರೆದು, ಮಾನಿಟರಿನ ಕೆಂಪು, ಹಸಿರು, ನೀಲಿಯನ್ನು ನಿಮ್ಮ ಕಣ್ಣಿಗೆ ಹೊಂದುವವರೆಗೆ ಸರಿಸಿ. ಹಾಗೆ ಸಿಕ್ಕ ಬಿಳಿಯನ್ನು ಉಪಕರಣದಿಂದ ಅಳೆದು, ಅದೇ ಅಂಕಿಯನ್ನು ಗುರಿಯಾಗಿಟ್ಟು ಮಾನಿಟರನ್ನು ಕ್ಯಾಲಿಬ್ರೇಟ್ ಮಾಡಿ. ವಿಂಡೋಸ್‌ನಲ್ಲಿ "ಎಕ್ಸ್‌ಟೆಂಡ್" ಇರಲಿ. "ಡುಪ್ಲಿಕೇಟ್" ಮೋಡ್‌ನಲ್ಲಿ ಎರಡಕ್ಕೂ ಪ್ರತ್ಯೇಕ ತಿದ್ದುಪಡಿ ನೆಟ್ಟಗೆ ಕೂರುವ ಖಾತ್ರಿ ಇಲ್ಲ.

ಲ್ಯಾಪ್‌ಟಾಪ್ ಕ್ಯಾಲಿಬ್ರೇಟ್ ಮಾಡಿದ್ಮೇಲೆ ದುರ್ಗದ ಕೋಟೆ ಮೇಲಿನ ಸಂಜೆ ಆಕಾಶ ಪಟ್ಟೆ ಪಟ್ಟೆ ಆಗೈತಿ. ಯಾಕ್ರೀ?

ಲ್ಯಾಪ್‌ಟಾಪಿನಲ್ಲಿ ಬ್ರೈಟ್‌ನೆಸ್ ಬಿಟ್ಟರೆ ಬೇರೆ ಗುಂಡಿ ಇರುವುದಿಲ್ಲ. ನೀಲಿ ಜಾಸ್ತಿ ಇದ್ದರೆ ಗ್ರಾಫಿಕ್ಸ್ ಕಾರ್ಡೇ ಅದನ್ನು ಕಡಿಮೆ ಮಾಡಿ ಕಳಿಸಬೇಕು. ಒಂದೊಂದು ಬಣ್ಣಕ್ಕೆ ಇರುವುದೇ 256 ಮೆಟ್ಟಿಲು. ನೀಲಿಯ ತುದಿಯನ್ನು 255ರಿಂದ 220ಕ್ಕೆ ಇಳಿಸಿದರೆ ಸುಮಾರು ಮೂವತ್ತೈದು ಮೆಟ್ಟಿಲು ಹೋದವು. ಕೆಲವು ಅಗ್ಗದ ಪರದೆಗಳಲ್ಲಿ ನಿಜಕ್ಕೂ ಇರುವುದು 64 ಮೆಟ್ಟಿಲು ಮಾತ್ರ, ಉಳಿದದ್ದನ್ನು ವೇಗವಾಗಿ ಮಿನುಗಿಸಿ ಇದ್ದಂತೆ ತೋರಿಸುತ್ತವೆ. ಜೋಗಿಮಟ್ಟಿ ಕಡೆ ಕಿತ್ತಳೆಯಿಂದ ನೀಲಿಗೆ ನಿಧಾನವಾಗಿ ಜಾರುವ ಆಕಾಶದಲ್ಲೇ ಆ ಬಿರುಕು ಮೊದಲು ಕಾಣುವುದು.

ಲ್ಯಾಪ್‌ಟಾಪಿಗೆ ಬಿಳಿಯ ಗುರಿಯನ್ನು ಡಿ65ರ ಬದಲು "ನೇಟಿವ್" (ಪರದೆಯ ಸ್ವಂತ ಬಿಳಿ) ಅಂತ ಇಟ್ಟು ಮತ್ತೆ ಮಾಡಿ, ಪಟ್ಟೆ ಬಹಳ ಕಡಿಮೆಯಾಗುತ್ತದೆ. ಫೈಲಿನಲ್ಲಿ ಪಟ್ಟೆ ಇಲ್ಲ ಅನ್ನುವುದನ್ನೂ ನೆನಪಿಡಿ. ಪಟ್ಟೆ ಕಂಡಿತೆಂದು ಆಕಾಶಕ್ಕೆ ಬ್ಲರ್ ಹಾಕಿ ಕೋಟೆಯ ಬುರುಜಿನ ಅಂಚನ್ನೂ ಕರಗಿಸಿದವರನ್ನು ನೋಡಿದ್ದೇನೆ.

ಮಾನಿಟರಿಗೆ ಎಚ್‌ಡಿಎಂಐ ಹಾಕಿದ್ರೆ ಕಪ್ಪು ಬೂದಿ ಬೂದಿ ಕಾಣ್ತೈತಿ.

ಗ್ರಾಫಿಕ್ಸ್ ಕಾರ್ಡ್ ಮಾನಿಟರನ್ನು ಟಿವಿ ಅಂತ ತಿಳಿದು, ಕಪ್ಪಿನಿಂದ ಬಿಳಿವರೆಗಿನ ಅಂಕಿಗಳನ್ನು 0–255ರ ಬದಲು 16–235 ಕಳಿಸುತ್ತಿದೆ. ಡ್ರೈವರ್ ಸೆಟ್ಟಿಂಗಿನಲ್ಲಿ "ಫುಲ್ ರೇಂಜ್", "ಆರ್‌ಜಿಬಿ" ಆರಿಸಿ. ಇದು ಸರಿಯಾಗದೆ ಕ್ಯಾಲಿಬ್ರೇಟ್ ಮಾಡಿದರೆ ದಂಡ.

ಫೋಟೋಶಾಪಲ್ಲಿ ಸರಿ ಐತಿ. ಫೋಲ್ಡರಲ್ಲಿ ಅದೇ ಫೋಟೋದ ಕೆಂಪು ಉರೀತೈತಿ.

ನಿಮ್ಮದು ವಿಶಾಲ ಬಣ್ಣದ ಮಾನಿಟರ್. ಫೋಟೋಶಾಪ್ ಪ್ರೊಫೈಲಿನ ಚೀಟಿ ಓದಿ ತೋರಿಸುತ್ತದೆ. ವಿಂಡೋಸ್‌ನ ಫೋಲ್ಡರ್ ಚಿತ್ರಗಳು, ಡೆಸ್ಕ್‌ಟಾಪ್ ಹಿನ್ನೆಲೆ, ಎಷ್ಟೋ ವಿಡಿಯೋ ಪ್ಲೇಯರ್ ತಂತ್ರಾಂಶಗಳು ಚೀಟಿ ಓದದೆ 255 ಅಂದರೆ ಪರದೆಯ ಕೊನೆಯ ಕೆಂಪು ಅಂತ ತಿಳಿಯುತ್ತವೆ. ಫೋಟೋಶಾಪನ್ನು ನಂಬಿ. ದಿನವಿಡೀ ವೆಬ್, ವಾಟ್ಸ್ಯಾಪ್‌ಗೇ ಕೆಲಸ ಮಾಡುವವರಾದರೆ ಮಾನಿಟರಿನ ಎಸ್‌ಆರ್‌ಜಿಬಿ ಮೋಡ್ ಹಾಕಿ, ಆ ಮೋಡ್‌ನಲ್ಲೇ ಇನ್ನೊಂದು ಪ್ರೊಫೈಲ್ ಮಾಡಿ.

ಇದಕ್ಕೆ ಅಂಟಿಕೊಂಡೇ ಬರುವ ತಪ್ಪು: ಫೋಟೋಶಾಪಿನ ಕಲರ್ ಸೆಟ್ಟಿಂಗ್ಸ್‌ನಲ್ಲಿ ವರ್ಕಿಂಗ್ ಸ್ಪೇಸ್ (ತಿದ್ದುವಾಗ ಅಂಕಿಗಳನ್ನು ಯಾವ ಬಣ್ಣಗಳಾಗಿ ಓದಬೇಕು ಅನ್ನುವ ಆಧಾರ) ಜಾಗಕ್ಕೆ ಮಾನಿಟರಿನ ಪ್ರೊಫೈಲ್ ಕೂರಿಸುವುದು. ಮಾಡಬೇಡಿ. ಮಾನಿಟರಿನ ಪ್ರೊಫೈಲನ್ನು ಅದು ವಿಂಡೋಸ್‌ನಿಂದ ತಾನೇ ತೆಗೆದುಕೊಳ್ಳುತ್ತದೆ. ವರ್ಕಿಂಗ್ ಸ್ಪೇಸ್ ಎಸ್‌ಆರ್‌ಜಿಬಿ ಇರಲಿ, ಫೈಲ್ ಉಳಿಸುವಾಗ ಪ್ರೊಫೈಲ್ ಸೇರಿಸುವ ಗುರುತು ಹಾಕಿ.

## ಇನ್ನೂ ಒಳಗೆ

ಪರದೆ ಎಲ್ಲ ಸರಿ ಮಾಡ್ಕೊಂಡೆ. ಆದ್ರೂ ಗಿರಾಕಿ "ಸೀರೆ ಬಣ್ಣ ಬೇರೆ ಬಂದೈತಿ" ಅಂತ ವಾಪಸ್ ಕಳಿಸ್ತಾರೆ.

ಮೊಳಕಾಲ್ಮೂರು ರೇಷ್ಮೆ ಸೀರೆಯೊಂದನ್ನು ಮೇಜಿನ ಮೇಲೆ ಹರಡಿ, ಸೆರಗನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿ ನೋಡಿ. ಹಾಸಿನ ನೂಲು ಒಂದು ಬಣ್ಣ, ಹೊಕ್ಕಿನ ನೂಲು ಇನ್ನೊಂದು ಬಣ್ಣ ಇದ್ದರೆ ಈ ಕಡೆಯಿಂದ ಕಡುನೇರಳೆ, ಆ ಕಡೆಯಿಂದ ಕೆಂಪು ಮಿಂಚುತ್ತದೆ. ಅಂಥ ಸೀರೆಗೆ ಒಂದೇ ಸರಿಯಾದ ಬಣ್ಣ ಅನ್ನುವುದಿಲ್ಲ. ನಾನು ಎರಡು ಕೋನದಿಂದ ತೆಗೆದ ಫೋಟೋ ಹಾಕಿಸುತ್ತೇನೆ, ಮಡಿಕೆ ಇರುವುದೊಂದು, ಹರಡಿದ್ದೊಂದು. ನೇಯ್ದವರ ಕೈಚಳಕವೂ ಆಗಲೇ ಗಿರಾಕಿಗೆ ಕಾಣುವುದು.

ಫೋಟೋ ತೆಗೆಯುವಾಗ ಮೊದಲ ಚಿತ್ರದಲ್ಲಿ ಸೀರೆಯ ಮೇಲೆ ಬೂದು ಕಾರ್ಡ್ ಇಡಿ, ತಿದ್ದುವಾಗ ಬಿಳಿಯ ಸಮತೋಲವನ್ನು ಅದರಿಂದಲೇ ತೆಗೆದುಕೊಳ್ಳಿ. ಒಂದೇ ಬಗೆಯ ದೀಪ ಇರಲಿ. ಕಿಟಕಿಯ ಬೆಳಕು, ಟ್ಯೂಬ್‌ಲೈಟ್ ಎರಡೂ ಬೆರೆತರೆ ಅರ್ಧ ಸೀರೆಗೆ ಒಂದು ಬಣ್ಣ, ಇನ್ನರ್ಧಕ್ಕೆ ಇನ್ನೊಂದು. ಗಿರಾಕಿಯ ಫೋನ್ "ವಿವಿಡ್" ಮೋಡ್‌ನಲ್ಲಿದ್ದರೆ ಅದು ನಮ್ಮ ಕೈಯಲ್ಲಿಲ್ಲ. ನಮ್ಮ ಫೈಲು ಎಸ್‌ಆರ್‌ಜಿಬಿಯಲ್ಲಿ ಇರುವುದು ಮಾತ್ರ ನಮ್ಮ ಕೈಯಲ್ಲಿದೆ. ಅದಕ್ಕಿಂತ ವಿಶಾಲವಾದ ಅಡೋಬಿ ಆರ್‌ಜಿಬಿಯಲ್ಲೇ ಕಳಿಸಿದರೆ ಚೀಟಿ ಓದದ ಕಡೆ ಸೀರೆ ಮಾಸಿದ ಹಾಗೆ ಕಾಣುತ್ತದೆ.

ಫ್ಲೆಕ್ಸ್‌ನಲ್ಲಿ ಕಡುನೀಲಿ ಹಾಕಿದ್ರೆ ನೇರಳೆ ಆಗಿ ಬರ್ತೈತಿ. ಇದಕ್ಕೂ ಕ್ಯಾಲಿಬ್ರೇಶನ್ನೇ ಮದ್ದಾ?

ಪರದೆಯ ಅಪ್ಪಟ ನೀಲಿ ನಾಲ್ಕು ಶಾಯಿಗಳ ಮುದ್ರಣಕ್ಕೆ ಎಟುಕುವುದೇ ಇಲ್ಲ. ಪರದೆ ಎಷ್ಟು ಸರಿಯಿದ್ದರೂ ಆ ನೀಲಿ ಬರದು. ಆದರೆ ಸರಿಯಿರುವ ಪರದೆಯ ಮೇಲೆ ಅದು ಹೇಗೆ ಬರುತ್ತದೆ ಅಂತ ಮೊದಲೇ ನೋಡಬಹುದು. ಮುದ್ರಣದವರಿಂದ ಅವರ ಯಂತ್ರ ಮತ್ತು ಹಾಳೆಯ ಐಸಿಸಿ ಪ್ರೊಫೈಲ್ ಕೇಳಿ ಪಡೆದು, ಫೋಟೋಶಾಪಿನ ವ್ಯೂ ಮೆನುವಿನ ಪ್ರೂಫ್ ಸೆಟಪ್‌ನಲ್ಲಿ ಹಾಕಿ. ನೀಲಿಯಲ್ಲಿ ಮೆಜೆಂಟಾ ಇಳಿಸಿದರೆ ನೇರಳೆಗೆ ತಿರುಗುವುದು ತಪ್ಪುತ್ತದೆ. ಪ್ರೊಫೈಲ್ ಸಿಗದಿದ್ದರೆ ಒಂದಡಿ ತುಂಡು ಮಾದರಿ ಮುದ್ರಿಸಿಕೊಳ್ಳುವುದೇ ಮೇಲು. ಮುದ್ರಿತ ಕಾಗದವನ್ನು ಪರದೆಯ ಜೊತೆ ಹೋಲಿಸುವಾಗ ಡಿ50, ಅಂದರೆ 5000 ಕೆಲ್ವಿನ್ ದೀಪ ಬಳಸುವುದು ಮುದ್ರಣದವರ ರೂಢಿ.

ವರದಿಯಲ್ಲಿ "ಡೆಲ್ಟಾ ಇ" ಅಂತ ಬರ್ತದೆ. ಎಷ್ಟಿದ್ರೆ ಚಿಂತೆ ಇಲ್ಲ? ಎಷ್ಟು ದಿನಕ್ಕೊಮ್ಮೆ ಮಾಡ್ಬೇಕು?

ಬೇಕಾದ ಬಣ್ಣಕ್ಕೂ ಬಂದ ಬಣ್ಣಕ್ಕೂ ಇರುವ ದೂರವೇ ಡೆಲ್ಟಾ ಇ. ಒಂದರ ಆಸುಪಾಸು ಇದ್ದರೆ ಕಣ್ಣಿಗೆ ಗೊತ್ತಾಗದು. ಸರಾಸರಿ ಎರಡರ ಒಳಗಿದ್ದರೆ ಆಲ್ಬಮ್ ಕೆಲಸಕ್ಕೆ ನಾನು ಒಪ್ಪುತ್ತೇನೆ. ಸರಾಸರಿಯನ್ನಷ್ಟೇ ನೋಡಿ ಖುಷಿಪಡಬೇಡಿ, ಅತಿ ಹೆಚ್ಚು ಬಂದದ್ದು ಯಾವ ಬಣ್ಣದಲ್ಲಿ ಅಂತ ನೋಡಿ. ಬೂದಿನಲ್ಲಿ ಮೂರು ಬಂದರೆ ಎಲ್ಲ ಮುಖಗಳೂ ಕೆಡುತ್ತವೆ. ಕಡುನೀಲಿಯಲ್ಲಿ ಮೂರು ಬಂದರೆ ಯಾರಿಗೂ ತಿಳಿಯುವುದಿಲ್ಲ. ನಂಬಿಕೆಗೆ ಮತ್ತೊಂದು ಷರತ್ತು: ಪ್ರೊಫೈಲ್ ಮಾಡಿದ ಕೂಡಲೇ ಬರುವ ಅಂಕಿಗಿಂತ, ಮಾರನೇ ದಿನ ಬೆಳಿಗ್ಗೆ ಬೇರೆಯಾಗಿ ಅಳೆದ ಅಂಕಿ ನಿಜಕ್ಕೆ ಹತ್ತಿರ.

ನಾನು ಮಾನಿಟರಿಗೆ ತಿಂಗಳಿಗೊಮ್ಮೆ, ಲ್ಯಾಪ್‌ಟಾಪಿಗೆ ಎರಡು ತಿಂಗಳಿಗೊಮ್ಮೆ ಮಾಡುತ್ತೇನೆ. ಮದುವೆ ಹಂಗಾಮು ಶುರುವಾಗುವ ಮುಂಚೆ ಎರಡಕ್ಕೂ ತಪ್ಪದೆ. ವಿಂಡೋಸ್ ಅಥವಾ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಆದ ದಿನ ಹಳೆಯ ಪ್ರೊಫೈಲ್ ಕೂತಿದೆಯೋ ಇಲ್ಲವೋ ಅಂತ ಕಲರ್ ಮ್ಯಾನೇಜ್‌ಮೆಂಟ್ ಕಿಟಕಿಯಲ್ಲಿ ನೋಡಿಕೊಳ್ಳುತ್ತೇನೆ, ಆಮೇಲೆ ಮೊರದ ಮಂಡಕ್ಕಿಯ ಫೋಟೋ ತೆರೆದು ಕೆನೆ ಬಣ್ಣ ಕೆನೆಯಾಗಿಯೇ ಇದೆಯಾ ಅಂತ ಒಮ್ಮೆ ನೋಡಿ ಕೆಲಸಕ್ಕೆ ಕೂರುತ್ತೇನೆ.